ಕಾಸರಗೋಡು ಜಿಲ್ಲೆಯ ಕುಂಬಳೆ–ಬದಿಯಡ್ಕ ಕಡೆ ಜಾಗ ನೋಡುತ್ತಿದ್ದೇನೆ, ಅನುಭವ ಇದ್ದವರು ಹೇಳಿ

ಕೇಳಿದವ: ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಲ್ಲಿ ಬೆಳವಣಿಗೆ ಆಗಬಹುದು ಅಂತ ಒಂದು ನಕ್ಷೆ ಮಾಡಿದ್ದೇನೆ. ಬಸ್‌ಸ್ಟಾಪಿನ ಸುತ್ತ 500 ಮೀಟರ್, ರೈಲ್ವೇ ಸ್ಟೇಷನ್ನಿನ ಸುತ್ತ 1 ಕಿಲೋಮೀಟರ್ ವೃತ್ತ. ಶಾಲೆ, ಆಸ್ಪತ್ರೆ, ರೇಷನ್ ಅಂಗಡಿಗೆ ಬೇರೆ ಅಂಕ. ಸೀತಾಂಗೋಳಿಯ 15 ಸೆಂಟ್ಸಿಗೆ 100ರಲ್ಲಿ 71 ಬಂತು. ತಗೊಳ್ಳಬಹುದಾ?

ಹೈವೇ ಬದಿಯವ: ವೃತ್ತ ನಂಬಬೇಡಿ ಮಾರಾಯ್ರೆ. 2018ರಲ್ಲಿ ಕುಂಬಳೆ ಹತ್ತಿರ 12 ಸೆಂಟ್ಸ್ ತಗೊಂಡೆ. ಸೆಂಟ್ಸಿಗೆ 1,10,000, ಒಟ್ಟು 13,20,000. ಸ್ಟ್ಯಾಂಪಿಗೆ 8 ಪರ್ಸೆಂಟ್, ರಿಜಿಸ್ಟ್ರೇಷನ್ನಿಗೆ 2. ಅಲ್ಲಿಗೆ ಇನ್ನೂ 1,32,000. ಬ್ರೋಕರಿಗೆ 26,400. ಆಧಾರ (ಕ್ರಯಪತ್ರ) ಬರೆದವರಿಗೆ 9,500. ಎದುರಿಗೇ ಬಸ್‌ಸ್ಟಾಪ್ ಇದೆ ಅಂತ ಇಷ್ಟೆಲ್ಲ ಕೊಟ್ಟದ್ದು. ಆಮೇಲೆ ನ್ಯಾಷನಲ್ ಹೈವೇ 66ಕ್ಕೆ ಆರು ಪಥ ಬಂತು. ಈಗ ಮಂಗಳೂರು ಬಸ್ಸು ಆಚೆ ಬದಿಯ ಸರ್ವಿಸ್ ರೋಡಿನಲ್ಲಿ ನಿಲ್ಲುತ್ತದೆ. ಮಹಡಿಯಿಂದ ಬಸ್ಸಿನ ಬೋರ್ಡು ಓದಬಹುದು, ಹತ್ತಲಾಗುವುದಿಲ್ಲ. ಅಂಡರ್‌ಪಾಸ್ ಸುತ್ತಿ ಹೋದರೆ 1,140 ಹೆಜ್ಜೆ. ಅಮ್ಮನ ಮೊಣಕಾಲು ನೋವಿನಿಂದಾಗಿ ಎಣಿಸಿಟ್ಟಿದ್ದೇನೆ. ನಿಮ್ಮ ನಕ್ಷೆಯಲ್ಲಿ ನಮಗೆ ಪೂರ್ತಿ ಅಂಕ ಅಲ್ವಾ?

ಪ್ಲಾನಿಂಗ್ ಓದಿದವ: ಅದಕ್ಕೇ ನಡೆಯುವ ದಾರಿ ಅಳೆಯಬೇಕು. ಲಂಡನ್ನಿನಲ್ಲಿ 1992ರಲ್ಲೇ ಪಿಟಿಎಎಲ್ ಅಂತ, ಬಸ್ಸು–ರೈಲು ಎಷ್ಟು ಕೈಗೆಟುಕುತ್ತದೆ ಅನ್ನುವ ಒಂದು ಅಳತೆ ಮಾಡಿದರು. ಬಸ್‌ಸ್ಟಾಪಿಗೆ ನಡೆದು 640 ಮೀಟರ್, ಸ್ಟೇಷನ್ನಿಗೆ 960 ಮೀಟರ್. ಅದಕ್ಕಿಂತ ದೂರದ್ದು ಲೆಕ್ಕಕ್ಕೇ ಇಲ್ಲ. ಗಂಟೆಗೆ ಎಷ್ಟು ಬಸ್ಸು, ಎಷ್ಟು ಹೊತ್ತು ಕಾಯಬೇಕು ಅನ್ನುವುದೂ ಸೇರುತ್ತದೆ. ನಾನು ಹಾಗೇ ಲೆಕ್ಕ ಹಾಕಿ ಉಪ್ಪಳ ಸ್ಟೇಷನ್ನಿಗೆ 8 ನಿಮಿಷದ ಫ್ಲಾಟ್ ತಗೊಂಡೆ. ಈವರೆಗೆ ಪಶ್ಚಾತ್ತಾಪ ಇಲ್ಲ.

ಬಾಯಾರಿನ ಅಕ್ಕ: ಉಪ್ಪಳದಲ್ಲಿ ಎಷ್ಟು ರೈಲು ನಿಲ್ಲುತ್ತವೆ ಸ್ವಾಮಿ? ವಂದೇ ಭಾರತ್ ನಿಮ್ಮೆದುರು ಹಾರಿಕೊಂಡು ಹೋಗುವುದಕ್ಕೂ ಅಂಕ ಇದೆಯಾ? ಲಂಡನ್ನಿನಲ್ಲಿ ಟೈಮ್‌ಟೇಬಲ್ ಅಂದರೆ ಬಸ್ಸು ಬರುತ್ತದೋ ಏನೋ. ನಮ್ಮಲ್ಲಿ ಜೂನ್ ಪೂರ್ತಿ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ಸಂಜೆಯ ಕೊನೆ ಬಸ್ಸು 30 ದಿನದಲ್ಲಿ 11 ದಿನ ಬರಲಿಲ್ಲ. ಆದಿತ್ಯವಾರ ಅಂತೂ ಕೇಳುವುದೇ ಬೇಡ. ಆಟೋಗೆ 350ರಂತೆ 3,850 ಹೋಯಿತು. ಆದರೂ ಜಾಗ ಮಾರಲಿಲ್ಲ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗದಲ್ಲಿ ಏಪ್ರಿಲ್‌ನಲ್ಲೂ ಹೆಬ್ಬೆರಳು ಗಾತ್ರದ ನೀರು ಬರುತ್ತದೆ. ನಿಮ್ಮ ಫ್ಲಾಟಿಗೆ ಟ್ಯಾಂಕರ್ ಬರುವುದು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ.

ಪ್ಲಾನಿಂಗ್ ಓದಿದವ: ವರ್ಷಕ್ಕೆ ಎರಡು ತಿಂಗಳು ಮಾತ್ರ. ಸುಮ್ನೆ ಏನೇನೋ ಹೇಳಬೇಡಿ.

ಉಕ್ಕಿನಡ್ಕದಲ್ಲಿ ಪೆಟ್ಟು ತಿಂದವ: ನೀರಿನ ಜಗಳ ಆಮೇಲೆ. "ಬರಲಿದೆ" ಅನ್ನುವುದಕ್ಕೆ ಅಂಕ ಕೊಡಬೇಡಿ. ಇಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ಬಾಡಿಗೆ ರೂಮು ಕಟ್ಟುವ ಅಂತ 2014ರಲ್ಲಿ 6 ಲಕ್ಷ ಸಾಲ ಮಾಡಿ 20 ಸೆಂಟ್ಸ್ ತಗೊಂಡೆ. ಬಾಗಿಲು ತೆರೆದದ್ದು 2020ರಲ್ಲಿ, ಅದೂ ಕೋವಿಡ್ ಆಸ್ಪತ್ರೆಯಾಗಿ. ಅಷ್ಟರಲ್ಲಿ ಬಡ್ಡಿಯೇ 4 ಲಕ್ಷ ದಾಟಿತ್ತು. ಕಟ್ಟಲಾದರೂ ಆಯಿತಾ? ಅದೂ ಇಲ್ಲ. ಬ್ರೋಕರ್ ತೋಟ ಅಂದಿದ್ದ. ಸಾಲಾಗಿ ಅಡಿಕೆ ಮರ ಇತ್ತು, ನಾನೂ ನಂಬಿದೆ. ರೆಕಾರ್ಡಿನಲ್ಲಿ ನೋಡಿದರೆ "ನಿಲಂ", ಅಂದರೆ ಗದ್ದೆ. ಕೇರಳದ 2008ರ ಗದ್ದೆ ಕಾನೂನಿನ ಡಾಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆಗಳ ಪಟ್ಟಿಯಲ್ಲಿ, ಸೇರಿತ್ತು. ಪಟ್ಟಿಯಿಂದ ತೆಗೆಸಲು ಫಾರಂ 5, ಆಮೇಲೆ ಬೇರೆ ಬಳಕೆಗೆ ಬದಲಿಸಲು ಫಾರಂ 6. ಮೂರು ವರ್ಷ, ಎರಡು ಜೊತೆ ಚಪ್ಪಲಿ.

ಹೈವೇ ಬದಿಯವ: ಆಧಾರದ ಹಿಂದಿನ ಪುಟ ಓದದೆ ತಗೊಂಡದ್ದು ಯಾರ ತಪ್ಪು?

ಉಕ್ಕಿನಡ್ಕದಲ್ಲಿ ಪೆಟ್ಟು ತಿಂದವ: ಹೈವೇ ಅಗಲ ಆಗುತ್ತದೆ ಅಂತ ಗೊತ್ತಿದ್ದೂ ಬದಿಯಲ್ಲೇ ತಗೊಂಡವರು ನನಗೆ ಬುದ್ಧಿ ಹೇಳುವುದಾ!

ಹೊಸಂಗಡಿ ಮಾಷ್ಟ್ರು: ಕೇರಳ–ಕರ್ನಾಟಕ ಗಡಿಯನ್ನು ಎಲ್ಲರೂ ಮರೆತಿರಿ. ನಮಗೆ ಆಸ್ಪತ್ರೆ ಅಂದರೆ ದೇರಳಕಟ್ಟೆ, ಕಾಲೇಜು ಅಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದರಲ್ಲ, ಆಗ ನನ್ನ ಅಣ್ಣನಿಗೆ ವಾರಕ್ಕೆ ಎರಡು ಡಯಾಲಿಸಿಸ್. ಕಣ್ಣೂರಿಗೆ ಕರಕೊಂಡು ಹೋದೆ. ಕಾರಿಗೆ ಒಂದು ಸಲಕ್ಕೆ 5,500, ಒಂಬತ್ತು ಸಲ. ಬೇಕಾದರೆ ಚೀಟಿ ತೋರಿಸುತ್ತೇನೆ. ಆಚೆಯ ಆಸ್ಪತ್ರೆಗೆ ಅರ್ಧ ಅಂಕ ಮಾತ್ರ ಕೊಡಿ.

ಬಾಯಾರಿನ ಅಕ್ಕ: ಮಾಷ್ಟ್ರೇ, ನಿಮ್ಮ ಅಣ್ಣನ ವಿಷಯ ಕೇಳಿ ಬೇಜಾರಾಯಿತು. ಆದರೆ ಎಲ್ಲದಕ್ಕೂ ಮಂಗಳೂರು ಮಂಗಳೂರು ಅಂತ ಓಡಿದವರು ನಾವೇ ಅಲ್ವಾ? ಇಲ್ಲಿ ಆಸ್ಪತ್ರೆ ಬೇಕು ಅಂತ ಯಾರು ಗಟ್ಟಿಯಾಗಿ ಕೇಳಿದ್ದು?

ಹೊಸಂಗಡಿ ಮಾಷ್ಟ್ರು: ನಾನು ಕೇಳಿದ್ದೇನೆ. ಅರ್ಜಿಗೆ ಸಹಿ ಹಾಕಿಸಲು ಬಂದಾಗ ಬಾಯಾರಿನಲ್ಲಿ ಸಿಕ್ಕಿದ್ದು ಏಳು ಸಹಿ.

ಬಾಯಾರಿನ ಅಕ್ಕ: ಅದರಲ್ಲಿ ಒಂದು ನನ್ನದು.

ಕೇಳಿದವ: ಸೀತಾಂಗೋಳಿಯ ಬಗ್ಗೆ ಯಾರಾದರೂ ಹೇಳುತ್ತೀರಾ?

ಉಕ್ಕಿನಡ್ಕದಲ್ಲಿ ಪೆಟ್ಟು ತಿಂದವ: ನನ್ನ 20 ಸೆಂಟ್ಸ್ ಈಗ ಕ್ಲಿಯರ್ ಆಗಿದೆ. ನೋಡುವುದಾದರೆ ತಿಳಿಸಿ. ಬಸ್ಸು ಗೇಟಿನ ಎದುರಲ್ಲೇ ನಿಲ್ಲುತ್ತದೆ.