ಎದುರಿಗೆ ಮಲಗಿದ್ದ ಬೆಕ್ಕು ಫೋಟೋದಲ್ಲಿ ಎದ್ದು ಕೂತಿದ್ದು ಹೇಗೆ?

ಅರೆಗಣ್ಣು (ಪ್ರಶ್ನೆ):
ನಾನು ಫೋಟೋಗ್ರಫಿ ವಿದ್ಯಾರ್ಥಿ, ಮೊದಲ ವರ್ಷ. ಸಾರ್ವಜನಿಕ ಕಲೆಯ ಮೇಲೆ ಒಂದು ಅಸೈನ್‌ಮೆಂಟ್ ಇತ್ತು. ಕಲಾವಿದರೊಬ್ಬರು ನೆಲದ ಮೇಲೆ ಬಣ್ಣದ ಚಾಕಿನಲ್ಲಿ ಒಂದು ನೀಲಿ ಪೆಟ್ಟಿಗೆ, ಅದರ ಮೇಲೆ ಬೆಕ್ಕು ಬರೆದಿದ್ದರು. ಅವರು ಗುರುತು ಹಾಕಿದ್ದ ಜಾಗದಲ್ಲೇ ನಿಂತು ನೋಡಿದೆ. ಬೆಕ್ಕಿನ ಕುತ್ತಿಗೆ ನನ್ನ ತೋಳಿಗಿಂತ ಉದ್ದ! ಯಾರೋ ಹಿಡಿದು ಎಳೆದ ಹಾಗಿತ್ತು. ಅಲ್ಲಿಂದಲೇ ಫೋನಿನಲ್ಲಿ ಒಂದು ಫೋಟೋ ತೆಗೆದೆ. ಅದರಲ್ಲಿ ಪೆಟ್ಟಿಗೆ ನೆಟ್ಟಗೆ ನಿಂತಿದೆ, ಮೇಲೆ ಬೆಕ್ಕು ಆರಾಮಾಗಿ ಕೂತಿದೆ. ಎಡಿಟ್ ಏನೂ ಮಾಡಿಲ್ಲ.

ಕಂಡದ್ದನ್ನು ದಾಖಲಿಸೋಣ ಅಂತ ಹೋದವನು ಕಾಣದೇ ಇದ್ದದ್ದನ್ನು ತಂದಿದ್ದೇನೆ. ಸುಳ್ಳು ಹೇಳಿದ್ದು ನನ್ನ ಕಣ್ಣೋ, ಕ್ಯಾಮೆರಾನೋ?

ನೆರಳುಬೆಳಕು:
ಇಬ್ಬರೂ ಅಲ್ಲ. ಕ್ಯಾಮೆರಾಗೆ ಒಂದೇ ಕಣ್ಣು, ನಿಮಗೆ ಎರಡು. ಅವುಗಳ ನಡುವೆ ಸುಮಾರು 6 ಸೆಂ.ಮೀ. ಅಂತರ ಇರುವುದರಿಂದ ಎರಡಕ್ಕೂ ಕಾಣುವುದು ಸ್ವಲ್ಪ ಬೇರೆ ಬೇರೆ. ಮೂರ್ನಾಲ್ಕು ಮೀಟರ್ ದೂರದಲ್ಲಿ ಆ ವ್ಯತ್ಯಾಸದಿಂದಲೇ ಮಿದುಳು 'ಇದು ಬರೀ ನೆಲ' ಅಂತ ಹೇಳಿಬಿಡುತ್ತದೆ. ತಲೆಯೂ ಸುಮ್ನೆ ಇರುವುದಿಲ್ಲ. ನಿಜವಾದ ಪೆಟ್ಟಿಗೆಯಾಗಿದ್ದರೆ ತಲೆ ಅಲುಗಿದಾಗ ಅದರ ಹಿಂದಿನ ನೆಲ ಸರಿದಂತೆ ಕಾಣಬೇಕಿತ್ತು. ಇಲ್ಲಿ ಹಾಗಾಗಲ್ಲ.

ಫೋಟೋದಲ್ಲಿ ಈ ಎರಡು ಸುಳಿವೂ ಇಲ್ಲ. ಪೆಟ್ಟಿಗೆಯ ಪಕ್ಕ ನಿಂತ ಮನುಷ್ಯನೂ ಅಲ್ಲಿ ಚಪ್ಪಟೆ. ಅವನು ನಿಂತಿದ್ದಾನೆ ಅಂತ ಒಪ್ಪಿದ ಮಿದುಳು ಪೆಟ್ಟಿಗೆಯನ್ನೂ ಒಪ್ಪುತ್ತದೆ. ಒಂದು ಕಣ್ಣು ಮುಚ್ಚಿ, ಅಲುಗಾಡದೆ ನಿಂತು ನೋಡಿ.

ಸೀಮೆಸುಣ್ಣ:
ನಾನು ಇದೇ ಕೆಲಸ ಮಾಡುವವನು. ಬರೆಯುವಾಗಲೇ ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟಿರುತ್ತೇವೆ. ಎರಡು ಗೆರೆ ಎಳೆಯುವುದು, ಓಡಿ ಹೋಗಿ ಲೆನ್ಸಿನಲ್ಲಿ ನೋಡುವುದು, ವಾಪಸ್ ಬಂದು ಒಂದು ಗೆರೆ ಅಳಿಸುವುದು. ಮೊಣಕಾಲಿನ ಕಥೆ ಕೇಳಬೇಡಿ.

ಲೆಕ್ಕ ಸುಲಭ. ನೋಡುವ ಕಣ್ಣು 1.6 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. 3 ಮೀಟರ್ ದೂರದಲ್ಲಿ 0.8 ಮೀಟರ್ ಎತ್ತರದ ಪೆಟ್ಟಿಗೆ ನಿಂತಂತೆ ಕಾಣಬೇಕು. ಕಣ್ಣಿನಿಂದ ಪೆಟ್ಟಿಗೆಯ ಮೇಲಂಚಿಗೆ ಒಂದು ದಾರ ಎಳೆದು ಹಾಗೇ ಮುಂದುವರಿಸಿದರೆ ಅದು ನೆಲ ಮುಟ್ಟುವುದು 6 ಮೀಟರ್ ದೂರದಲ್ಲಿ. ಅಂದರೆ 0.8 ಮೀಟರ್ ಎತ್ತರಕ್ಕೆ 3 ಮೀಟರ್ ಉದ್ದ ಬಣ್ಣ ಬಳಿಯಬೇಕು. ನಿಮ್ಮ ಬೆಕ್ಕು ಇನ್ನೂ ಮೇಲೆ ಕೂತಿದೆ, ಅದಕ್ಕೇ ಕುತ್ತಿಗೆ ಅಷ್ಟು ಉದ್ದ. ಹಾಗಾಗಿ ನಿಮ್ಮ ಫೋಟೋವನ್ನು ನಾನು ದಾಖಲೆ ಅನ್ನಲ್ಲ. ಚಿತ್ರ ಪೂರ್ತಿಯಾಗುವುದೇ ಅಲ್ಲಿ.

ಹಳೇಗೋಡೆ:
ಕೊನೆಯ ಮಾತು ಒಪ್ಪಲ್ಲ. ರೋಮ್‌ನ ಸಾಂತ್ ಇಗ್ನಾಜಿಯೊ ಚರ್ಚಿಗೆ ಆಂಡ್ರಿಯಾ ಪೊಜ್ಜೊ 1685ರಲ್ಲಿ ಒಂದು ಗುಮ್ಮಟ ಬರೆದ. ನಿಜವಾದ ಗುಮ್ಮಟ ಅಲ್ಲಿಲ್ಲ, ಇರುವುದು ಚಪ್ಪಟೆ ಕ್ಯಾನ್ವಾಸ್. ಎಲ್ಲಿ ನಿಂತು ನೋಡಬೇಕು ಅಂತ ನೆಲದಲ್ಲಿ ಗುರುತೂ ಇದೆ. ಆಗ ಕ್ಯಾಮೆರಾ ಎಲ್ಲಿತ್ತು? ಎರಡೂ ಕಣ್ಣು ಬಿಟ್ಟುಕೊಂಡೇ ಜನ ಮೋಸ ಹೋಗುತ್ತಾರೆ. ದೂರ ಎರಡರಷ್ಟಾದರೆ ನೆರಳುಬೆಳಕು ಹೇಳಿದ ಆ ವ್ಯತ್ಯಾಸ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅಷ್ಟು ಎತ್ತರದ ಚಾವಣಿಗೆ 6 ಸೆಂ.ಮೀ. ಯಾವ ಲೆಕ್ಕ?

ಅರೆಗಣ್ಣು:
ಇವತ್ತು ಮತ್ತೆ ಹೋಗಿದ್ದೆ. ಒಂದು ಕಣ್ಣು ಮುಚ್ಚಿದೆ, ಏನೂ ಆಗಲಿಲ್ಲ. ನೋಟ್‌ಬುಕ್ ಹಾಳೆಯನ್ನು ಕೊಳವೆ ಮಾಡಿ, ಸುತ್ತಲಿನ ನೆಲ ಕಾಣದ ಹಾಗೆ ನೋಡಿದೆ. ಉಸಿರು ಬಿಗಿಹಿಡಿದು ಹತ್ತರವರೆಗೆ ಎಣಿಸಿರಬಹುದು, ಪೆಟ್ಟಿಗೆ ಎದ್ದು ನಿಂತಿತು! ಇನ್ನೊಂದು ಕಣ್ಣು ಬಿಟ್ಟೆ, ಚಾಪೆ ಹಾಸಿದ ಹಾಗೆ ಮಲಗಿತು. ಮುಚ್ಚಿದರೆ ಮತ್ತೆ ನಿಂತಿತು. ಜನ ನನ್ನನ್ನೇ ನೋಡುತ್ತಿದ್ದರು, ಅದು ಬೇರೆ ಮಾತು.

ಅಸೈನ್‌ಮೆಂಟ್‌ಗೆ ಪಕ್ಕದಿಂದ ತೆಗೆದ ಫೋಟೋವನ್ನೂ ಹಾಕುತ್ತೇನೆ. ಅದರಲ್ಲಿ ಬೆಕ್ಕು ಮೂರು ಆಳುದ್ದ ಇದೆ, ಮೀಸೆಯ ಮೇಲೆ ಯಾರದೋ ಚಪ್ಪಲಿ ಗುರುತು.