ಕೌನ್ಸೆಲಿಂಗ್‌ಗೆ ಹೋದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಬದಿಯಡ್ಕದಿಂದ ಪ್ರಶ್ನೆ: ಅಮ್ಮ ತೀರಿಕೊಂಡ ಮೇಲೆ ನಿದ್ದೆ ಇಲ್ಲ. ಕಾಸರಗೋಡಿನಲ್ಲಿ ಸೈಕಾಲಜಿಸ್ಟ್ ಹತ್ತಿರ ಎರಡು ಸಲ ಹೋದೆ. ಅವರು ತೆಂಕು ಜಿಲ್ಲೆಯ ಮಲಯಾಳಿ, ನಾನು ಕನ್ನಡ ಮೀಡಿಯಂ. ನನ್ನ ಮಲಯಾಳ ಅಂಗಡಿಗೆ, ಬಸ್ಸಿಗೆ ಸಾಕು; ಅಮ್ಮನ ಬಗ್ಗೆ ಹೇಳಲಿಕ್ಕೆ ಸಾಲುವುದಿಲ್ಲ. ಅವರೂ ಹೆಚ್ಚು ಮಾತಾಡುವುದಿಲ್ಲ, ಸುಮ್ಮನೆ ಕೂತಿರುತ್ತಾರೆ. ಮೂರನೇ ಸಲ ಹೋಗಬೇಕಾ?

ಪೆರ್ಲದಿಂದ: ನನಗೆ ಮೊದಲ ದಿನವೇ "ವಿಷಮಮುಂಡೋ?" ಅಂತ ಕೇಳಿದರು. ನನ್ನ ಸ್ಥಿತಿ ಅಷ್ಟು ವಿಷಮಕ್ಕೆ ಹೋಯಿತಾ ಅಂತ ಬೆವರಿದೆ! ಮಲಯಾಳದಲ್ಲಿ ಅದು ಬರೀ ಬೇಜಾರು; ನಮ್ಮಲ್ಲಿ ಐಸಿಯು ಹೊರಗೆ ನಿಂತು ಹೇಳುವ ಮಾತು. ಅವರಿಗೇ ಹೇಳಿದೆ, ಇಬ್ಬರೂ ನಕ್ಕೆವು. ಆಮೇಲೆ ಒಂದು ಕ್ರಮ ಮಾಡಿಕೊಂಡೆವು. ಗಂಟಲು ಕಟ್ಟುವ ಜಾಗ ಬಂದರೆ ಮನೆಭಾಷೆಯಲ್ಲೇ ಹೇಳಿಬಿಡುವುದು, ಮತ್ತೆ ನಿಧಾನಕ್ಕೆ ಮಲಯಾಳದಲ್ಲಿ ಬಿಡಿಸುವುದು. ತನಗೆ ಅರ್ಥವಾದದ್ದನ್ನು ಅವರು ತಿರುಗಿ ಹೇಳುತ್ತಿದ್ದರು. ಒಮ್ಮೆ "ಅಪ್ಪನ ಮೇಲೆ ಸಿಟ್ಟಾ?" ಅಂದರು. "ಸಿಟ್ಟಲ್ಲ, ಹೆದರಿಕೆ" ಅಂದೆ. ಬಾಯಿಂದ ಬಂದ ಮೇಲೆಯೇ ಅದು ನನಗೂ ಗೊತ್ತಾದದ್ದು.

ಕುಂಬಳೆಯಿಂದ: ನಾನು ಮಂಗಳೂರಿಗೆ ಹೋಗುತ್ತಿದ್ದೆ. ಮುಕ್ಕಾಲು ಗಂಟೆಯ ಮಾತಿಗೆ ಅರ್ಧ ದಿನ ರೈಲು. ಕನ್ನಡದವರೇ ಸಿಕ್ಕರು, ಆದರೆ ನಾನು ಮಂಡೆಬಿಸಿ ಅಂದದ್ದನ್ನೆಲ್ಲ ಅವರು "ಆತಂಕ" ಅಂತ ಬರೆದುಕೊಂಡರು. ಭಾಷೆ ಒಂದೇ ಆದರೂ ತಿದ್ದುವ ಕೆಲಸ ತಪ್ಪಲಿಲ್ಲ.

ಮಂಜೇಶ್ವರದಿಂದ (ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಎಂಎ, ಕಲಿತವಳು): ಸುಮ್ಮನೆ ಕೂರುವುದು ಹೆಚ್ಚಾಗಿ ಉದಾಸೀನ ಅಲ್ಲ, ನಿಮಗೆ ಬಿಟ್ಟ ಜಾಗ. ತಿರುಗಿ ಹೇಳುವ ಕ್ರಮವನ್ನು ಬೆಳೆಸಿದವರಲ್ಲಿ ಅಮೆರಿಕದ ಸೈಕಾಲಜಿಸ್ಟ್ ಕಾರ್ಲ್ ರೋಜರ್ಸ್ ಮುಖ್ಯ. ಒಬ್ಬರ ಜೊತೆಗಿನ ಅಷ್ಟೂ ಭೇಟಿಗಳ ಮಾತನ್ನು ರೆಕಾರ್ಡ್ ಮಾಡಿ, ಅಕ್ಷರಕ್ಕಿಳಿಸಿ 1942ರಲ್ಲೇ ಅಚ್ಚು ಹಾಕಿಸಿದವರು. ಆದರೂ ಮೌನ ಕಷ್ಟವಾದರೆ "ನೀವು ಸುಮ್ಮನಿದ್ದರೆ ನನಗೆ ಹೆದರಿಕೆಯಾಗುತ್ತದೆ" ಅಂತ ನೇರ ಹೇಳಿ. ಊರಿಗೆ ಗೊತ್ತಾದೀತು ಅಂತ ಹೆದರುವವರಿಗೆ: ಗುಟ್ಟು ಕಾಯಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲೇ ಇದೆ, ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟು. ರಾತ್ರಿ ತಡೆಯಲಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.

ಬದಿಯಡ್ಕದಿಂದ: ಎಲ್ಲರಿಗೂ ಉಪಕಾರ. ಇವತ್ತು ಹೋಗಿ ಬಂದೆ. ಅಮ್ಮ ಮಾಡುತ್ತಿದ್ದ ಪತ್ರೊಡೆ ವಿಷಯ ಕನ್ನಡದಲ್ಲೇ ಶುರು ಮಾಡಿದೆ. ಪತ್ರೊಡೆ ಅಂದರೆ ಏನು ಅಂತ ಕೇಳಿದರು. ಕೆಸುವಿನ ಎಲೆ ಕೊಯ್ಯುವಲ್ಲಿಂದ ಹೇಳುತ್ತಾ ಹೋದೆ, ಹಬೆಗಿಡುವಲ್ಲಿಗೆ ಬರುವಾಗ ಸಮಯ ಮುಗಿಯಿತು. ಉಳಿದದ್ದು ಮುಂದಿನ ಗುರುವಾರ.