ರಾಜ್ಯೋತ್ಸವದ ರಸಪ್ರಶ್ನೆ ನಡೆಸಿ ಬದುಕಿ ಬಂದವರು ಅನುಭವ ಹೇಳಿ

ಹೊಸ ಕಾರ್ಯದರ್ಶಿ, ದಾವಣಗೆರೆ

ನಮ್ಮ ಬಡಾವಣೆಯ ಸಂಘದಲ್ಲಿ 44 ಮನೆಗಳಿವೆ. ಈ ನವೆಂಬರಿನಲ್ಲಿ ವೇಷಭೂಷಣ ಸ್ಪರ್ಧೆಯ ಬದಲು ರಸಪ್ರಶ್ನೆ ಇಡೋಣ ಎಂದು ಸಭೆಯಲ್ಲಿ ಬಾಯಿತಪ್ಪಿ ಹೇಳಿದೆ. ಕೆಲಸ ನನ್ನ ತಲೆಗೇ ಬಂತು. ನದಿ, ರಾಜಧಾನಿ, ಜ್ಞಾನಪೀಠ ಎಂದು ಶುರುಮಾಡಿದರೆ ಮಕ್ಕಳು ಆಕಳಿಸುತ್ತಾರೆ. ಕೇಳಿದವರು ‘ಹೌದಾ!’ ಎಂದು ಬೆರಗಾಗುವ ಪ್ರಶ್ನೆಗಳು ಬೇಕು. ಸಂಗೀತ, ಇತಿಹಾಸ, ಗಿಡಮರ, ಅಡುಗೆಮನೆ, ಯಾವುದಾದರೂ ಸರಿ. ಕೈಯಲ್ಲಿರುವುದು 8,000 ರೂಪಾಯಿ. ಎರಡು ಸಂದೇಹಗಳಿವೆ. ಬಜರ್ ಬಾಡಿಗೆಗೆ ತರಬೇಕೇ, ಕೈ ಎತ್ತಿಸಿದರೆ ಸಾಕೇ? ಮಕ್ಕಳು, ದೊಡ್ಡವರು ಒಂದೇ ತಂಡದಲ್ಲಿರಬೇಕೇ, ಬೇರೆ ಬೇರೆಯೇ?

ನಿವೃತ್ತ ಜೀವಶಾಸ್ತ್ರ, ತುಮಕೂರು

ಬಾಳೆಹಣ್ಣಿನ ಒಂದು ಪ್ರಶ್ನೆಗೆ ನನ್ನ ಜೇಬಿನಿಂದ 1,970 ರೂಪಾಯಿ ಹೋಗಿದೆ. ಕುಕ್ಕರಿಗೆ 1,850, ಅದನ್ನು ತಂದ ಆಟೋಗೆ 120. ರಸೀದಿ ಇಂದಿಗೂ ಇಟ್ಟುಕೊಂಡಿದ್ದೇನೆ.

ಪ್ರಶ್ನೆ ಇಷ್ಟೇ: ಬಾಳೆಹಣ್ಣು, ದ್ರಾಕ್ಷಿ, ಬದನೆಕಾಯಿ, ಸ್ಟ್ರಾಬೆರ್ರಿ, ಇವುಗಳಲ್ಲಿ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೆರ್ರಿ ಅಲ್ಲದ್ದು ಯಾವುದು? ಉತ್ತರ ಸ್ಟ್ರಾಬೆರ್ರಿ. ಒಂದು ಹೂವಿನ ಒಂದೇ ಅಂಡಾಶಯ ಬೆಳೆದು, ಮೆತ್ತನೆಯ ತಿರುಳಿನೊಳಗೆ ಬೀಜ ಕುಳಿತರೆ ಅದು ಬೆರ್ರಿ. ಬಾಳೆ, ಟೊಮೆಟೊ, ಬದನೆ ಎಲ್ಲ ಆ ಗುಂಪಿಗೇ ಸೇರುತ್ತವೆ. ಸ್ಟ್ರಾಬೆರ್ರಿಯಲ್ಲಿ ನಾವು ತಿನ್ನುವ ಕೆಂಪು ಭಾಗ ಹೂವಿನ ಪೀಠ ಊದಿಕೊಂಡದ್ದು. ಮೈಮೇಲಿನ ಕಾಳುಗಳೇ ಅದರ ನಿಜವಾದ ಹಣ್ಣುಗಳು.

ಕೊನೆಯ ಸುತ್ತು, ಎರಡು ತಂಡಗಳೂ ಸಮ. ‘ಬಾಳೆಹಣ್ಣು’ ಎಂದು ಉತ್ತರಿಸಿ ಸೋತ ತಂಡದಲ್ಲಿ ಇದ್ದವರು ನಮ್ಮೂರಿನ ಬಾಳೆಮಂಡಿಯ ಯಜಮಾನರು. ಶಾಮಿಯಾನದ ಖರ್ಚು ಕೊಟ್ಟವರೂ ಅವರೇ. ‘ನಲವತ್ತು ವರ್ಷ ಬಾಳೆಹಣ್ಣು ಮಾರಿದ್ದೇನೆ, ಒಂದು ದಿನವೂ ಬೆರ್ರಿ ಮಾರಿಲ್ಲ’ ಎಂದು ಎದ್ದು ನಿಂತರು. ಜನ ಚಪ್ಪಾಳೆ ತಟ್ಟಿದ್ದು ಅವರಿಗೆ. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, ಇಬ್ಬರಿಗೂ ಮೊದಲ ಬಹುಮಾನ ಎಂದು ಘೋಷಿಸಿಬಿಡಿ ಎಂದರು. ಎರಡನೆಯ ಕುಕ್ಕರ್ ಯಾರು ಕೊಡುತ್ತಾರೆ ಎಂದು ಕೇಳಿದಾಗ ಮಾತ್ರ ಎಲ್ಲರೂ ಊಟದ ಸಾಲಿನಲ್ಲಿದ್ದರು. ಹಣ ಕೊಟ್ಟೆ, ಉತ್ತರ ಬದಲಿಸಲಿಲ್ಲ.

ಗುಮ್ಮಟದೂರು, ವಿಜಯಪುರ

ನಿಮ್ಮದು ಹಣದ ನಷ್ಟ, ನನ್ನದು ಮಾನದ ನಷ್ಟ. ಹುಟ್ಟಿದ್ದು ಗೋಳಗುಮ್ಮಟದ ನೆರಳಿನಲ್ಲಿ. ‘ಪ್ರಪಂಚದ ಎರಡನೆಯ ಅತಿ ದೊಡ್ಡ ಗುಮ್ಮಟ ಯಾವುದು’ ಎಂದು ಕೇಳಿ ಎದೆಯುಬ್ಬಿಸಿ ನಿಂತೆ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಮೊಬೈಲ್ ಎತ್ತಿ ಹಿಡಿದ. ಗೋಳಗುಮ್ಮಟದ 44 ಮೀಟರ್ ಹೊರಗಿನ ಅಳತೆಯಂತೆ. ಒಳಗಿನ ವ್ಯಾಸ 38 ಮೀಟರಿಗೂ ತುಸು ಕಡಿಮೆ. ರೋಮಿನ ಪ್ಯಾಂಥಿಯನ್ ಒಳಗೇ 43.3 ಮೀಟರ್, ವ್ಯಾಟಿಕನ್ನಿನ ಸೇಂಟ್ ಪೀಟರ್ ಚರ್ಚಿನದು 41.5, ಫ್ಲಾರೆನ್ಸಿನದು ಇನ್ನೊಂದು. ಈ ಕಾಲದ ಉಕ್ಕಿನ ಕ್ರೀಡಾಂಗಣಗಳನ್ನು ಸೇರಿಸಿದರೆ ನಾವು ಪಟ್ಟಿಯಲ್ಲಿ ಎಲ್ಲೋ ಕೆಳಗೆ.

ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ‘ಎರಡನೆಯದು’ ಎಂದೇ. ಬಾಯಿಪಾಠ ಮಾಡಿಸಿದವರನ್ನು ಈಗ ಎಲ್ಲಿ ಹುಡುಕಲಿ? ಆದರೂ ಒಂದು ಮಾತು: 1656ರಲ್ಲಿ ಮುಗಿದ ಕಟ್ಟಡ, ಅಷ್ಟು ದೊಡ್ಡ ಗುಮ್ಮಟದ ಕೆಳಗೆ ಒಂದು ಕಂಬವಿಲ್ಲ.

ನಿವೃತ್ತ ಜೀವಶಾಸ್ತ್ರ, ತುಮಕೂರು

ಪ್ಯಾಂಥಿಯನ್ ಗುಮ್ಮಟದ ನಡುವೆಯೂ ಕಂಬವಿಲ್ಲ ಸರ್. ಅದು ಎರಡನೆಯ ಶತಮಾನದ್ದು.

ಗುಮ್ಮಟದೂರು, ವಿಜಯಪುರ

ಬಾಳೆಹಣ್ಣನ್ನೇ ಬೆರ್ರಿ ಮಾಡಿದವರು ಗುಮ್ಮಟವನ್ನು ಬಿಡುತ್ತೀರಾ ಮೇಷ್ಟ್ರೇ? ಮೇಲಿನ ಪಡಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಗೋಡೆಯ ಹತ್ತಿರ ಕೇಳಿಸುತ್ತದಲ್ಲ, ಅದನ್ನು ಕೇಳಲು ಒಮ್ಮೆ ಬನ್ನಿ. ಟಿಕೆಟ್ ನಾನು ತೆಗೆಸುತ್ತೇನೆ. ಕಾರ್ಯದರ್ಶಿಗಳೇ, ಪ್ರತಿಧ್ವನಿ ಎಷ್ಟು ಸಲ ಎಂದು ಮಾತ್ರ ಪ್ರಶ್ನೆ ಇಡಬೇಡಿ. ಒಬ್ಬರು ಏಳು ಎನ್ನುತ್ತಾರೆ, ಇನ್ನೊಬ್ಬರು ಹತ್ತು ಎನ್ನುತ್ತಾರೆ. ಅಣ್ಣತಮ್ಮಂದಿರೇ ಎದುರು ಬದುರು ನಿಲ್ಲುತ್ತಾರೆ.

ಬಜರ್ ಖರ್ಚು, ಮಂಡ್ಯ

ಬಜರ್ ಬಗ್ಗೆ ಕೇಳಿದ್ದೀರಿ. ಲೆಕ್ಕ ಬರೆಯುತ್ತೇನೆ, ಯಾರೂ ನಗಬಾರದು.

ಆರು ತಂಡಗಳ ಬಜರ್ ಪೆಟ್ಟಿಗೆ, ದಿನದ ಬಾಡಿಗೆ 2,400. ಮುಂಗಡ 3,000. ತಂದ ರಾತ್ರಿ ಸಂಘದ ಉಗ್ರಾಣದಲ್ಲಿಟ್ಟೆ, ಇಲಿ ಎರಡು ತಂತಿ ಕಡಿಯಿತು. ಬೆಳಿಗ್ಗೆ ರಿಪೇರಿಯವನಿಗೆ 450. ಅವನು ಮೂರನೆಯ ತಂಡದ ತಂತಿಯನ್ನು ಐದನೆಯದಕ್ಕೆ ಸೇರಿಸಿಬಿಟ್ಟಿದ್ದ. ಎರಡು ಸುತ್ತು ಮುಗಿಯುವವರೆಗೆ ಯಾರಿಗೂ ತಿಳಿಯಲಿಲ್ಲ. ಬಾಯೇ ತೆರೆಯದ ಐದನೆಯ ತಂಡ 40 ಅಂಕ ಪಡೆದು ಮುಂದಿತ್ತು. ಅಂಕ ಹಿಂದಕ್ಕೆ ತೆಗೆದುಕೊಂಡಾಗ ಅವರೂ ಹೊರಗೆ ನಡೆದರು. ಮುಂಗಡದಲ್ಲಿ ತಂತಿಗೆಂದು 700 ಹಿಡಿದುಕೊಂಡರು.

ಇಷ್ಟು ಸಾಲದೆಂದು ಕರೆಂಟ್ ಹೋಯಿತು. ಹೋದದ್ದು ಯಾವಾಗ ಎಂದು ಕೇಳಿ. ‘ಏಷ್ಯಾದಲ್ಲೇ ಮೊದಲು ವಿದ್ಯುತ್ ದೀಪ ಕಂಡ ನಗರ ಯಾವುದು’ ಎಂದು ನಾನು ಓದಿ ಮುಗಿಸುವಷ್ಟರಲ್ಲಿ! ಕತ್ತಲಲ್ಲಿ ನಗು. ಜನರೇಟರಿಗೆ 1,100. ದೀಪ ಬಂದ ಮೇಲೆ ‘ಬೆಂಗಳೂರು, 1905’ ಎಂದೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಎದ್ದು, ಡಾರ್ಜಿಲಿಂಗಿನ ಸಿದ್ರಾಪೋಂಗ್ ಜಲವಿದ್ಯುತ್ 1897ರದ್ದು, ಕಲ್ಕತ್ತಾಕ್ಕೆ 1899ರಲ್ಲೇ ಕರೆಂಟ್ ಬಂದಿತ್ತು, ಟೋಕಿಯೋ ಇನ್ನೂ ಹಿಂದಿನದು ಎಂದರು. ಮನೆಗೆ ಹೋಗಿ ನೋಡಿದೆ, ಅವರು ಹೇಳಿದ್ದೇ ಸರಿ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು: 1902ರಲ್ಲಿ ಶಿವನಸಮುದ್ರದ ಕರೆಂಟ್ ಮೊದಲು ಹೋದದ್ದು ಎಲ್ಲಿಗೆ? ಮೈಸೂರಿನ ಅರಮನೆಗೂ ಅಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರು ಮೂರು ವರ್ಷ ಕಾದಿತ್ತು. ನಮ್ಮ ಜಿಲ್ಲೆಯ ನೀರು, ನಾನೇ ತಪ್ಪು ಪ್ರಶ್ನೆ ಕೇಳಿದೆ.

ಈಗ ಬಾಡಿಗೆಯ ಗೊಡವೆ ಇಲ್ಲ. ಬ್ಯಾಟರಿಯ ಕಾಲಿಂಗ್ ಬೆಲ್ ಆರು ಕೊಂಡುಕೊಂಡೆ. ಒಂದಕ್ಕೆ 160, ಶೆಲ್ ಬೇರೆ.

ತಂಬೂರಿ, ಮೈಸೂರು

ಸಂಗೀತದ ಸುತ್ತಿಗೆ ನನ್ನನ್ನು ಕರೆದಿದ್ದರು. ಮೂವತ್ತು ವರ್ಷ ಪಾಠ ಹೇಳಿದವಳು, ಇದೇನು ಮಹಾ ಎಂದುಕೊಂಡು ಹೋದೆ. ಸ್ಪೀಕರಿಗೆ 1,500 ಕೊಟ್ಟಿದ್ದರು, ನನ್ನ ಪೆನ್‌ಡ್ರೈವ್ ಅದಕ್ಕೆ ಹಿಡಿಸಲಿಲ್ಲ. ಮೊಬೈಲನ್ನೇ ಮೈಕಿನ ಮುಂದೆ ಹಿಡಿದು ನಿಂತೆ. ನಡುವೆ ತಂಗಿಯ ಫೋನ್ ಬಂತು, ಇಡೀ ಬೀದಿಗೆ ನಮ್ಮ ಮನೆಯ ವಿಚಾರ ಕೇಳಿಸಿತು.

ಮೊದಲ ತುಣುಕು ಮೋಹನ ರಾಗದ ಆಲಾಪನೆ. ಒಂದು ತಂಡ ‘ಭೂಪ್’ ಎಂದಿತು. ತಪ್ಪೆಂದೆ. ಗಲಾಟೆ. ಭೂಪ್ ಹಿಂದೂಸ್ತಾನಿ ಸಂಗೀತದ ರಾಗ, ಎರಡರಲ್ಲೂ ಅದೇ ಐದು ಸ್ವರ, ಒಪ್ಪುತ್ತೇನೆ. ಆದರೆ ಹಾಡಿದವರು ಕರ್ನಾಟಕ ಸಂಗೀತದವರು, ರಾಗದ ಹೆಸರು ಮೋಹನ. ಇಂದಿಗೂ ನನ್ನ ತೀರ್ಪು ಅದೇ.

ಇನ್ನೊಂದು ಪ್ರಶ್ನೆ: 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ನಿಷೇಧವಿದ್ದ ವಾದ್ಯ ಯಾವುದು? ಉತ್ತರ ಹಾರ್ಮೋನಿಯಂ. ಅದರ ಕೀಲಿಯನ್ನೊತ್ತಿದರೆ ನಿಂತ ಸ್ವರ ಬರುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಗಮಕ, ಮೀಂಡ್ ಬರುವುದಿಲ್ಲ ಎಂಬುದು ಅಂದಿನವರ ದೂರು. ಅಷ್ಟನ್ನು ವಿವರಿಸಿದೆ. ಅದೇ ವೇದಿಕೆಯಲ್ಲಿ ನಾಡಗೀತೆಗೆಂದು ಬಂದಿದ್ದ ಹಾರ್ಮೋನಿಯಂ ಮಾಸ್ತರರು ಪೆಟ್ಟಿಗೆ ಮುಚ್ಚಿ ಹೊರಟರು. ಕೊನೆಗೆ ನಾಡಗೀತೆಗೆ ಶ್ರುತಿ ಕೊಟ್ಟದ್ದು ನನ್ನ ಮೊಬೈಲ್.

ಪೇಢಾ, ಧಾರವಾಡ

ತಂಬೂರಿ ಅಮ್ಮನವರಿಗೆ ನಮಸ್ಕಾರ. ಆ ‘ಭೂಪ್’ ಎಂದ ತಂಡದಲ್ಲಿ ನಾನಿರಲಿಲ್ಲ, ಆದರೆ ಇದ್ದಂತೆಯೇ ಹೊಟ್ಟೆ ಉರಿಯುತ್ತಿದೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಹುಟ್ಟಿದ ಸೀಮೆ ನಮ್ಮದು. ಆ ಸ್ವರಗಳಿಗೆ ನಮ್ಮ ಕಿವಿ ಕೊಡುವ ಹೆಸರು ಭೂಪ. ಕರ್ನಾಟಕದ ರಾಜ್ಯೋತ್ಸವದಲ್ಲಿ ಅರ್ಧ ಕರ್ನಾಟಕದ ಉತ್ತರ ತಪ್ಪಾಯಿತೇ?

ತಂಬೂರಿ, ಮೈಸೂರು

ಹಾಗಾದರೆ ಹಿಂದೋಳ ಹಾಕಿದರೆ ಏನೆನ್ನುತ್ತೀರಿ?

ಪೇಢಾ, ಧಾರವಾಡ

ಮಾಲ್‌ಕಂಸ್ ಎನ್ನುತ್ತೇನೆ. ನಮ್ಮ ಹಿಂದೋಲ್ ಬೇರೆಯೇ ರಾಗ ಎಂಬುದೂ ಗೊತ್ತು. ನಿಮ್ಮ ಭೂಪಾಳ ನಮ್ಮ ಭೂಪ ಅಲ್ಲ ಎಂಬುದೂ ಗೊತ್ತು. ಅದೇ ಐದು ಸ್ವರಗಳಲ್ಲಿ ನಮ್ಮಲ್ಲಿ ದೇಶಕಾರವೂ ಇದೆ. ಧೈವತ ಸ್ವರದ ಮೇಲೆ ನಿಂತರೆ ರಾಗವೇ ಬೇರೆ. ಇಷ್ಟೆಲ್ಲ ಗೊತ್ತಿದ್ದವರಿಗೆ ಐದು ಅಂಕ ಕೊಡಲು ನಿಮಗೇನು ಕಷ್ಟ ಎಂದು ಕೇಳುತ್ತಿದ್ದೇನೆ.

ತಂಬೂರಿ, ಮೈಸೂರು

ಅಷ್ಟೂ ಗೊತ್ತಿದ್ದರೆ ಹತ್ತು ಕೊಡುತ್ತಿದ್ದೆ. ಆ ತಂಡಕ್ಕೆ ಚೌಡಯ್ಯನವರ ಪಿಟೀಲಿಗೆ ಎಷ್ಟು ತಂತಿ ಎಂಬುದೇ ಗೊತ್ತಿರಲಿಲ್ಲ. ನಾಲ್ಕು ಎಂದರು. ಏಳು! ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲಿ ಎಂದು ಏಳು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನೇ ಏಳು ತಂತಿಯ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ.

ಹೊಸ ಕಾರ್ಯದರ್ಶಿ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಪಿಟೀಲು, ಚಿನ್ನದ ಗಣಿ ಬರೆದುಕೊಂಡೆ. ಮಕ್ಕಳು, ದೊಡ್ಡವರು ಒಂದೇ ತಂಡವೇ, ಬೇರೆಯೇ?

ಗುರಿಗೆ ಹೂ, ಚಿಕ್ಕಮಗಳೂರು

ನನ್ನದೊಂದು ಪ್ರಶ್ನೆ ಇತ್ತು, ಮೂರು ರಾತ್ರಿ ಕೂತು ಹೊಸೆದದ್ದು. ‘2006ರಲ್ಲೂ 2018ರಲ್ಲೂ ಎರಡು ಸಂಗತಿಗಳು ಜೊತೆಯಾಗಿ ಬಂದವು, ಒಂದು ಬೆಟ್ಟದ ಮೇಲೆ ಅರಳಿತು, ಇನ್ನೊಂದು ಬೆಟ್ಟದ ಮೇಲೆ ಸುರಿಯಿತು. ಯಾವುವು?’ ಉತ್ತರ: ಮುನ್ನಾರಿನ ನೀಲಕುರಿಂಜಿ ಮತ್ತು ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ. ಹೇಳಿ, ಇಂಥ ಪ್ರಶ್ನೆ ಯಾವ ಪುಸ್ತಕದಲ್ಲಿ ಸಿಗುತ್ತದೆ?

ನನ್ನ ನಾಲಿಗೆ ಅಲ್ಲಿಗೇ ನಿಲ್ಲಬೇಕಿತ್ತು. ‘ಎರಡೂ ಹನ್ನೆರಡು ವರ್ಷಕ್ಕೊಮ್ಮೆ ತಪ್ಪದೆ ಜೊತೆಯಾಗುತ್ತವೆ’ ಎಂದು ಸೇರಿಸಿದೆ. ಹಾಸನದ ಕಡೆಯ ಅಜ್ಜಿಯೊಬ್ಬರು ಕುಳಿತಲ್ಲಿಂದಲೇ ಬೆರಳು ಮಡಿಚಿದರು. ‘ನಾನು 1967ರಲ್ಲಿ ಹೋಗಿದ್ದೆ, 1981ರಲ್ಲಿ ಹೋಗಿದ್ದೆ, 93ರಲ್ಲಿ ಹೋಗಿದ್ದೆ. ಎಲ್ಲಿದೆಯಪ್ಪ ನಿನ್ನ ಹನ್ನೆರಡು?’ ಹದಿನಾಲ್ಕು, ಹನ್ನೆರಡು, ಹದಿಮೂರು! 1981 ಮೂರ್ತಿಯ ಸಾವಿರದ ವರ್ಷ. ಕುರಿಂಜಿಯೋ 1994, 2006, 2018 ಎಂದು ಗಡಿಯಾರದ ಹಾಗೆ ಬಂದಿದೆ. ಅದೂ ಮುನ್ನಾರಿನಲ್ಲಿ ಮಾತ್ರ. ನಮ್ಮ ಚಂದ್ರದ್ರೋಣದ ಬೆಟ್ಟಗಳಲ್ಲಿ 2022ರಲ್ಲಿ ಅರಳಿತು. ಅಜ್ಜಿಗೆ ಬಹುಮಾನವಾಗಿ ನನ್ನ ಕೊರಳಿನ ಶಾಲು ಕೊಟ್ಟೆ. ಸಂಘದವರು ನನಗೆ ಹೊದಿಸಿದ್ದ ಶಾಲು ಅದು, ಬೆಲೆ ಗೊತ್ತಿಲ್ಲ.

ಬಿದನೂರು, ಹೊಸನಗರ

ನಮ್ಮಲ್ಲಿ ಜಗಳ ಹಲ್ಮಿಡಿಯದು. ಅತ್ಯಂತ ಹಳೆಯ ಕನ್ನಡ ಶಾಸನ ಯಾವುದೆಂದರೆ ಸುಮಾರು 450ರ ಹಲ್ಮಿಡಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಬರೆದಿದ್ದೆ. ಶಿಕಾರಿಪುರದ ತಂಡ ತಾಳಗುಂದದ ಸಿಂಹಕಟಾಂಜನ ಶಾಸನ ಎಂದಿತು. ಅದು 2013ರಲ್ಲಿ ಪ್ರಣವೇಶ್ವರ ದೇವಾಲಯದ ಬಳಿ ಅಗೆದಾಗ ಸಿಕ್ಕಿದ್ದು, ಕಾಲ ಸುಮಾರು 370 ಎನ್ನುತ್ತಾರೆ. ನನ್ನ ಪುಸ್ತಕ 2009ರದ್ದು. 60 ರೂಪಾಯಿ ಉಳಿಸಲು ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡದ್ದರ ಫಲ.

ಆದರೆ ನಮ್ಮೂರಿನ ಪ್ರಶ್ನೆಯನ್ನು ಯಾರೂ ಅಲುಗಾಡಿಸಲಿಲ್ಲ. ಅಮೆರಿಕದ ರಾಷ್ಟ್ರಗೀತೆಯಲ್ಲಿ ರಾಕೆಟ್‌ಗಳ ಕೆಂಪು ಬೆಳಕಿನ ಮಾತಿದೆ. 1814ರಲ್ಲಿ ಬ್ರಿಟಿಷರು ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿಸಿದ ಕಾಂಗ್ರೀವ್ ರಾಕೆಟ್‌ಗಳು ಅವು. ಅವುಗಳ ಹಿಂದೆ ಇದ್ದದ್ದು ಹೈದರ್ ಮತ್ತು ಟಿಪ್ಪುವಿನ ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್. ನಮ್ಮ ನಗರದ ಪಾಳುಬಾವಿಯೊಂದರಲ್ಲಿ 2018ರಲ್ಲಿ ಅಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು.

ಗುಮ್ಮಟದೂರು, ವಿಜಯಪುರ

‘ಎನ್ನುತ್ತಾರೆ’ ಎಂದರೆ ಯಾರು ಎನ್ನುತ್ತಾರೆ? ನಮಗೆ ಮೀಟರ್ ಹಿಡಿದು ಅಳೆಯುತ್ತೀರಿ, ನಿಮಗಾದರೆ ‘ಸುಮಾರು’.

ಬಿದನೂರು, ಹೊಸನಗರ

ಕಲ್ಲಿನ ಮೇಲೆ ಇಸವಿ ಕೆತ್ತಿಲ್ಲ ಸರ್, ಲಿಪಿ ನೋಡಿ ಕಾಲ ಹೇಳುತ್ತಾರೆ. ಹಲ್ಮಿಡಿಗೂ ‘ಸುಮಾರು’ ಎಂದೇ ಬರೆದಿದ್ದೇನೆ. ಕನ್ನಡಕ ಹಾಕಿಕೊಂಡು ಓದಿ.

ಇಬ್ಬರು ಮಕ್ಕಳ ತಾಯಿ, ಅರಸೀಕೆರೆ

ಕಾರ್ಯದರ್ಶಿಯವರೇ, ಒಂದೇ ತಂಡ ಮಾಡಿ. ಇಬ್ಬರು ಮಕ್ಕಳು, ಇಬ್ಬರು ದೊಡ್ಡವರು. ಉತ್ತರವನ್ನು ಮಗುವೇ ಹೇಳಬೇಕು, ದೊಡ್ಡವರು ಕಿವಿಯಲ್ಲಿ ಮಾತ್ರ ಹೇಳಬಹುದು, ಎದ್ದು ನಿಂತರೆ ಐದು ಅಂಕ ಕಡಿತ. ಹೋದ ವರ್ಷ ನಮ್ಮ ಬೀದಿಯಲ್ಲಿ ಹೀಗೆ ಮಾಡಿದೆವು. ತಾತಂದಿರು ಜಗಳಕ್ಕೆ ಏಳುವ ಮೊದಲೇ ಮೊಮ್ಮಕ್ಕಳು ಪಂಚೆ ಹಿಡಿದು ಕೂರಿಸಿದರು.

ನಿವೃತ್ತ ಜೀವಶಾಸ್ತ್ರ, ತುಮಕೂರು

ಉತ್ತಮ ನಿಯಮ. ಆದರೂ ಬಹುಮಾನ ಎರಡು ತಂದಿಡಿ.

ಹೊಸ ಕಾರ್ಯದರ್ಶಿ, ದಾವಣಗೆರೆ

ಅರಸೀಕೆರೆಯ ಅಕ್ಕನಿಗೆ ಧನ್ಯವಾದ, ಹಾಗೆಯೇ ಮಾಡುತ್ತೇವೆ. ಬಜರ್ ಬೇಡ, ಕೈ ಎತ್ತಿಸುತ್ತೇನೆ.

ಬಜರ್ ಖರ್ಚು, ಮಂಡ್ಯ

ಯಾರು ಮೊದಲು ಕೈ ಎತ್ತಿದರು ಎಂದು ನೋಡುವವರು ಯಾರು? ಅದೂ ಒಂದು ದೊಡ್ಡ ಕಥೆ ಇದೆ, ಆಮೇಲೆ ಬರೆಯುತ್ತೇನೆ. ನನ್ನ ಆರು ಕಾಲಿಂಗ್ ಬೆಲ್ ಅಟ್ಟದ ಮೇಲೆ ಸುಮ್ಮನೆ ಬಿದ್ದಿವೆ. ವಿಳಾಸ ಕಳಿಸಿ. ಕೊರಿಯರ್ ಖರ್ಚು ನಿಮ್ಮದು, ಶೆಲ್ಲೂ ನಿಮ್ಮದೇ. ನಾಲ್ಕನೆಯದನ್ನು ಗಟ್ಟಿಯಾಗಿ ಒತ್ತಬೇಕು.